ಭಾವ ಜಗಿದ ಚಳಿಗಾಲ

ಬರಣಿ ಅತ್ತೆಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಗಾಜಿನ ಬರಣಿಗಳ ಹಿಂದೆ ಕೂತು ಮಿಠಾಯಿ ಮಾರುವ ಹೆಂಗಸನ್ನು ಮಕ್ಕಳು ಹೆಸರು ಹಿಡಿದು ಕರೆಯುವ ಹಾಗಿಲ್ಲ. ‘ಅತ್ತೆ’ ಎಂದರೆ ಒಂದು ಪೆಪ್ಪರಮಿಂಟು ಹೆಚ್ಚಿಗೆ ಬೀಳುತ್ತದೆ ಎಂಬ ಅನುಭವವೂ ಅವಕ್ಕಿತ್ತು. ಹೀಗೆ ಶಾಲೆಯ ಗೇಟಿನಿಂದ ಮಸೀದಿಯ ಮೆಟ್ಟಿಲವರೆಗೆ ಇಡೀ ಬೀದಿಗೆ ಆಕೆ ಬರಣಿ ಅತ್ತೆಯಾದಳು.

ಅಂಗಡಿಯೋ, ಇಬ್ಬರು ಎದುರುಬದುರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕಾದಷ್ಟು ಚಿಕ್ಕದು. ಅದರಲ್ಲೂ ಅರ್ಧ ಗಂಡನದು. ಆತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರ ರಿಪೇರಿ ಮಾಡುತ್ತಿದ್ದ. ಜನ ಎಡಗಡೆ ಹಲ್ಲು ಕೆಡಿಸಿಕೊಳ್ಳಲು, ಬಲಗಡೆ ಕೆಟ್ಟ ಹೊತ್ತು ಸರಿಮಾಡಿಸಿಕೊಳ್ಳಲು ಬರುತ್ತಿದ್ದರು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅತ್ತೆ ಒದ್ದೆ ಬಟ್ಟೆಯಲ್ಲಿ ಮುಚ್ಚಳಗಳನ್ನು ಒರೆಸುವಳು. ಥಂಡಿಗೆ ಒಂದಕ್ಕೊಂದು ಅಂಟಿಕೊಂಡ ಮಿಠಾಯಿಗಳನ್ನು, ಜಗಳ ಬಿಡಿಸುವವಳ ಹಾಗೆ, ಬರಣಿ ಅಲ್ಲಾಡಿಸಿ ಬಿಡಿಸುವಳು. ಕಿತ್ತಳೆ ಬೇಕೋ ನಿಂಬೆ ಬೇಕೋ ಎಂದು ಮಗು ಬೆರಳು ಕಚ್ಚಿಕೊಂಡು ನಿಂತರೆ ಅವಸರ ಮಾಡುತ್ತಿರಲಿಲ್ಲ. “ಯೋಚನೆ ಮಾಡು ಕಂದಾ, ಮದುವೆ ಇದ್ದ ಹಾಗೆ. ಆಮೇಲೆ ವಾಪಸ್ ತಗೊಳ್ಳಲ್ಲ” ಎನ್ನುವಳು. ಬಲಗಡೆ ಕೂತ ಗಂಡ ಆಗ ತಲೆಯೆತ್ತುತ್ತಿರಲಿಲ್ಲ.

ಈ ಸಂಸಾರಕ್ಕೆ ಒಬ್ಬ ಭಾವ. ಅಂದರೆ ಗಂಡನ ಅಣ್ಣ. ನೀರು ಸರಬರಾಜಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಊರಿಗೆ ನೀರು ಬಿಡುವುದೂ ನಿಲ್ಲಿಸುವುದೂ ತಮ್ಮ ಕೈಯಲ್ಲಿದೆ ಎಂದು ಇಡೀ ಜೀವಮಾನ ನಂಬಿದ್ದವರು, ನಿವೃತ್ತಿಯಾದ ಮೇಲೆ ಸ್ವರ್ಗದ ನಲ್ಲಿಗೆ ಕೈಹಾಕಿದರು. ಯಾವ ಬಿಸ್ಕತ್ತು ಹಲಾಲ್, ಯಾವ ಟೂತ್‌ಪೇಸ್ಟು ಹರಾಮ್, ಯಾರ ಮನೆಯ ಐಸ್‌ಕ್ರೀಮಿನಲ್ಲಿ ಏನು ಅಡಗಿದೆ ಎಲ್ಲವನ್ನೂ ಹೇಳತೊಡಗಿದರು. ಧರ್ಮಶಾಸ್ತ್ರ ಓದಿ ತೀರ್ಪು ಕೊಡುವವರಿಗೆ ಮುಫ್ತಿ ಎನ್ನುತ್ತಾರೆ. ಭಾವ ಓದಿನ ಭಾಗ ಬಿಟ್ಟು ತೀರ್ಪಿನ ಭಾಗವನ್ನಷ್ಟೇ ವಹಿಸಿಕೊಂಡಿದ್ದರಿಂದ ಜನ ಬೆನ್ನ ಹಿಂದೆ ‘ಅರ್ಧ ಮುಫ್ತಿ’ ಎನ್ನುತ್ತಿದ್ದರು. ಎದುರಿಗೆ ಮಾತ್ರ ಎಲ್ಲರೂ ಕೈಯಲ್ಲಿದ್ದ ತಿಂಡಿಯನ್ನು ಜೇಬಿಗೆ ಸೇರಿಸಿಕೊಳ್ಳುತ್ತಿದ್ದರು.

ನಾದಿನಿಯ ಮಗಳ ಮದುವೆಗೆ ಅತ್ತೆ ದೊಡ್ಡ ತಟ್ಟೆಯ ತುಂಬ ಜೆಲ್ಲಿ ಮಿಠಾಯಿ ಒಯ್ದಿದ್ದಳು. ಅಂಗಡಿಯಲ್ಲಿದ್ದುದರಲ್ಲೇ ಬೆಲೆಯುಳ್ಳದ್ದು, ಸಕ್ಕರೆ ಹೊದ್ದ ಕೆಂಪು, ಹಸಿರು, ಹಳದಿ. ಮಕ್ಕಳು ಮುತ್ತಿಕೊಂಡವು. ಭಾವ ಬಂದು ಒಂದು ಮಿಠಾಯಿಯನ್ನು, ಡಾಕ್ಟರು ಎಕ್ಸ್‌ರೇ ನೋಡುವ ಹಾಗೆ, ದೀಪಕ್ಕೆ ಹಿಡಿದು ನೋಡಿದರು. ಪೊಟ್ಟಣ ತರಿಸಿದರು. ಓದಿದರು.

“ಪೆಕ್ಟಿನ್,” ಎಂದರು ಗಟ್ಟಿಯಾಗಿ. “ಪೆಕ್ಟಿನ್ ಅಂದ್ರೆ ಏನು? ಪಿಗ್‌ನಿಂದ ತೆಗೆದಿದ್ದು ಪೆಕ್ಟಿನ್. ಹೆಸರಲ್ಲೇ ಇದೆಯಲ್ಲ! ಇದರಲ್ಲಿ ಹಂದಿ ಇದೆ. ಉಗುಳಿಸಿ, ಉಗುಳಿಸಿ!”

ತಾಯಂದಿರು ಮಕ್ಕಳ ಬಾಯಿಗೆ ಬೆರಳು ಹಾಕಿದರು. ಕೆಂಪು, ಹಸಿರು, ಹಳದಿ ಎಂಜಲು ಹೊಸ ಬಟ್ಟೆಗಳ ಮೇಲೆ ಸುರಿಯಿತು. ಅತ್ತೆ ತಟ್ಟೆ ಹಿಡಿದು ನಿಂತಲ್ಲೇ ನಿಂತಳು. ಗಂಡ ಗೋಡೆಯ ಗಡಿಯಾರ ನೋಡುತ್ತಿದ್ದ. ಅದು ಸರಿಯಾಗಿಯೇ ನಡೆಯುತ್ತಿತ್ತು.

ಪೆಕ್ಟಿನ್ ಎಂದರೆ ಹಣ್ಣಿನ ಸಿಪ್ಪೆಯಿಂದ ತೆಗೆಯುವ ಅಂಟು, ಅದರಲ್ಲಿ ದೋಷವಿಲ್ಲ ಎಂದು ಮಸೀದಿಯ ಇಮಾಮರು ಮುಂದಿನ ವಾರ ಹೇಳಿದರು. ಅಷ್ಟರಲ್ಲಿ ಸುದ್ದಿ ಊರು ಸುತ್ತಿ ಬಂದು ಕಾಲು ತೊಳೆದು ಕೂತಿತ್ತು. ಭಾವನೂ ತಪ್ಪೊಪ್ಪಿಕೊಳ್ಳಲಿಲ್ಲ. “ಇರಬಹುದು. ಆದ್ರೆ ಎಚ್ಚರಿಕೆ ಹೇಳಿದ್ದು ತಪ್ಪಾ?” ಎಂದರು. ಶಾಲೆ ಬಿಟ್ಟಾಗ ಮಕ್ಕಳು ರಸ್ತೆಯ ಆ ಬದಿಯಿಂದಲೇ ಹೋಗತೊಡಗಿದರು. ಒಬ್ಬಿಬ್ಬರು ಕಿಡಿಗೇಡಿಗಳು “ಹಂದಿ ಅತ್ತೇ!” ಎಂದು ಕೂಗಿ ಓಡಿದರು. ಅವರಲ್ಲೊಬ್ಬನಿಗೆ ಹಲ್ಲು ಬರುವ ಮೊದಲಿನಿಂದ ಪೆಪ್ಪರಮಿಂಟು ಕೊಟ್ಟವಳು ಆಕೆ.

ಅಂದು ಸಂಜೆ ಬಾಗಿಲೆಳೆಯುತ್ತ ಗಂಡನಿಗೆ ಹೇಳಿದಳು: “ನಿಮ್ಮಣ್ಣನ್ನ ಅದೇ ಜನರ ಮುಂದೆ ಹಾಗೇ ನಿಲ್ಲಿಸದಿದ್ರೆ ನಾನು ಈ ಅಂಗಡಿಯವಳೇ ಅಲ್ಲ.”

“ಬಿಡೇ, ದೊಡ್ಡವರು.”

“ಹೌದು, ಬಾಯಿ ದೊಡ್ಡದು.”

ಆ ದೊಡ್ಡ ಬಾಯಿಗೆ ಒಂದು ಚಟವಿತ್ತು. ಹಿಂದೆ ಸಿಗರೇಟು ಬಿಡುವಾಗ ಡಾಕ್ಟರ ಸಲಹೆಯಂತೆ ಭಾವ ಚೂಯಿಂಗ್ ಗಮ್ ಹಿಡಿದರು. ಸಿಗರೇಟು ಬಿಟ್ಟಿತು, ಗಮ್ ಬಿಡಲಿಲ್ಲ. ಎದ್ದಾಗ, ನಡೆವಾಗ, ಉಪದೇಶ ಮಾಡುವಾಗ ದವಡೆ ಆಡುತ್ತಲೇ ಇರಬೇಕು. ಅದೂ ಪುದೀನದ ಒಂದೇ ಬಗೆ, ಹೊರದೇಶದ್ದು. ಬೀದಿಯಲ್ಲಿ ಅದನ್ನು ತರಿಸುವವಳು ಬರಣಿ ಅತ್ತೆ ಒಬ್ಬಳೇ. ಮದುವೆಮನೆಯ ರಾದ್ಧಾಂತದ ಮೂರನೆಯ ದಿನವೇ ಭಾವ ಅಂಗಡಿಗೆ ಬಂದು, ಏನೂ ಆಗದವರಂತೆ ಕೈ ಚಾಚಿದರು. “ನೋಡಮ್ಮ, ನಿನ್ನ ಅಂಗಡೀಲಿ ನಂಬಿ ಬಾಯಿಗೆ ಹಾಕ್ಕೊಳ್ಳೋ ಅಂಥದ್ದು ಇದೊಂದೇ.”

ಅತ್ತೆ ಕೊಟ್ಟಳು. ಕೊಡುವಾಗ ಅವಳು ಸೆರಗೆಳೆದುಕೊಂಡು ಮುಖ ತಿರುಗಿಸಿದ್ದನ್ನು ಭಾವ ಗೌರವವೆಂದು ತಿಳಿದರು.

ಚಳಿಗಾಲದ ಆರಂಭದಲ್ಲಿ ಹೊಸ ಮಾಲು ಬಂತು. ಗಮ್ಮಿನ ಚೀಟಿಗಳು, ಅಂದರೆ ಬಿಡಿ ಪೊಟ್ಟಣಗಳು, ಬೆರಳಿನಷ್ಟಿದ್ದು ಅವುಗಳ ಮೇಲೆ ಹೆಸರು, ಎಲೆಯ ಚಿತ್ರ ಬಿಟ್ಟರೆ ಏನೂ ಇರುವುದಿಲ್ಲ. ಒಳಗೆ ಏನೇನು ಹಾಕಿದೆ ಎಂಬ ವಿವರವೆಲ್ಲ ದೊಡ್ಡ ರಟ್ಟಿನ ಡಬ್ಬಿಯ ತಳದಲ್ಲಿ. ಅದನ್ನು ಗಿರಾಕಿ ನೋಡುವುದಿಲ್ಲ, ಅಂಗಡಿಯವರು ಓದುವುದಿಲ್ಲ. ವ್ಯಾಪಾರವಿಲ್ಲದೆ ಬೇಜಾರಾಗಿದ್ದ ಅತ್ತೆ ಗಂಡನ ಭೂತಗನ್ನಡಿ ಕಿತ್ತುಕೊಂಡು, ಕಣ್ಣಿಗೆ ಸಿಕ್ಕಿಸಿ, ಸುಮ್ಮನೆ ಓದುತ್ತ ಹೋದಳು. ಸಕ್ಕರೆ. ಅಂಟು. ಪುದೀನ ಎಣ್ಣೆ. ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಜೆಲಟಿನ್, ಮುಂದೆ ಆವರಣದಲ್ಲಿ ಒಂದು ಪದ.

ಇನ್ನೊಮ್ಮೆ ಓದಿದಳು. ಗಂಡನ ಕೈಲೂ ಓದಿಸಿದಳು. ಆತನ ಮುಖ ಬಿಳಿಚಿತು.

“ಹಂದಿ,” ಎಂದ ಪಿಸುಗುಟ್ಟಿ. “ಅಯ್ಯೋ, ಈಗಲೇ ಹೋಗಿ ಹೇಳ್ಬಿಡ್ತೀನಿ.”

“ಕೂತ್ಕೊಳ್ಳಿ!” ಅತ್ತೆಯ ದನಿಗೆ ಆತ ಕೂತ. “ಹಣ್ಣಿನ ಸಿಪ್ಪೇನ ಹಂದಿ ಮಾಡಿದಾಗ ನೀವು ಬಿಡದ ಬಾಯಿ ಈಗ್ಯಾಕೆ? ನಿಮ್ಮಣ್ಣ ಆರಾಮಾಗಿ ಜಗೀಲಿ.”

ಅವಳು ಆ ಡಬ್ಬಿಗಳನ್ನು ಬೇರೆ ಯಾರಿಗೂ ಮಾರಲಿಲ್ಲ. ಎಲ್ಲವನ್ನೂ ಗಲ್ಲಾಪೆಟ್ಟಿಗೆಯ ಕೆಳಗೆ ಸೇರಿಸಿ, ಭಾವನಿಗೆಂದೇ ಮೀಸಲಿಟ್ಟಳು. ಅಲ್ಲಿಂದ ಅವಳಿಗೆ ಸುಗ್ಗಿ. ಬೆಳಿಗ್ಗೆ ಭಾವ ಕೊರೆಯುವ ಚಳಿಯಲ್ಲಿ ಬಂದು ಎರಡು ಚೀಟಿ ಒಯ್ಯುವರು. ಅವರು ಬಾಯಿ ತೆರೆದರೆ ಪುದೀನ ವಾಸನೆಯ ಹೊಗೆ. ಶುಕ್ರವಾರದ ನಮಾಜು ಮುಗಿದ ಮೇಲೆ ಮಸೀದಿಯ ಮೆಟ್ಟಿಲ ಮೇಲೆ ನಿಂತು ಯಾರದೋ ಮಗುವಿನ ಕೈಯ ಚಾಕೊಲೇಟನ್ನು ವಿಚಾರಣೆಗೆ ಒಳಪಡಿಸುವರು. ದವಡೆ ಮೇಲೆ, ದವಡೆ ಕೆಳಗೆ. ಅತ್ತೆ ಬರಣಿಗಳ ಸಂದಿನಿಂದ ನೋಡುವಳು. ‘ಜಗೀರಿ ಭಾವ, ಜಗೀರಿ. ಚೆನ್ನಾಗಿ ನುರಿಸಿ.’ ಅವಳ ಮೈ ತುಂಬಿಕೊಂಡಿತು. ಯಾರೋ ಯಾವ ಟಾನಿಕ್ ಎಂದು ಕೇಳಿದರು ಕೂಡ.

ಒಂದೇ ಒಂದು ಕೊರತೆಯೆಂದರೆ, ಅಪರಾಧಿಗೆ ಎಷ್ಟು ಶಿಕ್ಷೆ ಬಿದ್ದಿದೆ ಎಂದು ತಿಳಿಯದು. ಅದನ್ನು ತಿಳಿಯಲು ಒಂದು ದಿನ ಇಮಾಮರ ಕೋಣೆಗೆ ಹೋದಳು. ಇಮಾಮರು ಮುದುಕರು, ತೀರ್ಪಿಗಿಂತ ಕೆಮ್ಮೇ ಜಾಸ್ತಿ.

“ಹಜ್ರತ್, ಒಬ್ಬ ಮನುಷ್ಯ ಇದಾನೆ ಅಂತಿಟ್ಕೊಳ್ಳಿ. ಗೊತ್ತಿಲ್ಲದೆ ದಿನಾ ಹರಾಮ್ ತಿಂತಾನೆ. ಅವನ ನಮಾಜೆಲ್ಲ ನೀರಲ್ಲಿ ಹೋಮವೇ ಅಲ್ವಾ?”

“ಗೊತ್ತಿಲ್ಲದೆ ತಾನೇ? ಹಾಗಾದ್ರೆ ಅವನಿಗೇನೂ ಇಲ್ಲಮ್ಮ.”

“ಏನೂ ಇಲ್ವಾ?” ಅತ್ತೆಯ ಬಾಯಿ ತೆರೆದೇ ಉಳಿಯಿತು. “ಸ್ವಲ್ಪಾನೂ?”

“ದೇವರು ದಯಾಳು. ಆದ್ರೆ ಗೊತ್ತಿದ್ದೂ ಕೊಡ್ತಾ ಇರೋರು ಯಾರಾದ್ರೂ ಇದ್ರೆ...” ಇಮಾಮರು ಕೆಮ್ಮಿದರು. ಆ ಕೆಮ್ಮು ಮುಗಿಯುವವರೆಗೆ ಅತ್ತೆ ಉಸಿರಾಡಲಿಲ್ಲ. “ಆ ಭಾರ ಎಲ್ಲ ಅವರ ತಲೆ ಮೇಲೆ.”

ಮನೆಗೆ ಬರುವ ದಾರಿಯುದ್ದಕ್ಕೂ ಅವಳಿಗೆ ಕಣ್ಣು ಕತ್ತಲೆ. ಜಗಿದವರು ಭಾವ, ಉತ್ತರ ಹೇಳಬೇಕಾದವಳು ತಾನು! ಪುದೀನದ ಸುಖ ಅವರಿಗೆ, ಹಂದಿಯ ಪಾಪ ಇವಳಿಗೆ! ಮೆಟ್ಟಿಲ ಮೇಲೆ ನಿಂತು ಅವರು ದವಡೆ ಆಡಿಸಿದಾಗಲೆಲ್ಲ ಪಾಪದ ಚಕ್ಕಡಿ ನೇರವಾಗಿ ಇವಳ ಮನೆ ಬಾಗಿಲಿಗೆ ಬಂದು ನಿಂತಿದೆ. ಇದರಲ್ಲೂ ಮೋಸ ಮಾಡಿದರಲ್ಲ ಈ ಮನುಷ್ಯ ಎಂದು ಅವಳ ಸಿಟ್ಟು ಇಮ್ಮಡಿಯಾಯಿತು. ಇನ್ನು ಹೇಳದೆ ವಿಧಿಯಿಲ್ಲ. ಆದರೆ ಕಿವಿಯಲ್ಲಿ ಹೇಳಬೇಕು ಎಂದು ಇಮಾಮರು ಹೇಳಿರಲಿಲ್ಲ.

ಆ ಭಾನುವಾರವೇ ಮಸೀದಿಯ ಪಕ್ಕದ ಸಭಾಂಗಣದಲ್ಲಿ ಭಾವನ ಭಾಷಣ: ‘ನಮ್ಮ ಮಕ್ಕಳ ಬಾಯಿಗೆ ಏನು ಬೀಳುತ್ತಿದೆ?’ ಹಲಗೆಯ ಮೇಲೆ ಮಿಠಾಯಿ ಕಾಗದಗಳನ್ನು ಸತ್ತ ಚಿಟ್ಟೆಗಳ ಹಾಗೆ ಪಿನ್ನು ಹೊಡೆದು ಸಿಕ್ಕಿಸಿದ್ದರು. ಒಂದು ಬದಿ ಗಂಡಸರು, ಒಂದು ಬದಿ ಹೆಂಗಸರು, ಮುಂದಿನ ಸಾಲಿನಲ್ಲಿ ಇಮಾಮರು. ನೆಲಕ್ಕೆ ಭಾವನೇ ದಾನ ಕೊಟ್ಟ ಜಮಖಾನ. ಭಾಷಣದ ನಡುವೆ ಗಮ್ಮನ್ನು ಅವರು ಎಡದವಡೆಯಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬದಲಾಯಿಸುತ್ತಿದ್ದರು.

ಅತ್ತೆ ಎದ್ದು ನಿಂತಳು. “ಭಾವ, ನಂದೊಂದು ಸಂದೇಹ.”

“ಕೇಳಮ್ಮ. ಸಂದೇಹ ಇದ್ರೆ ಕೇಳ್ಬೇಕು. ನಿನ್ನಂಥೋರು ಮೊದಲೇ ಕೇಳಿದ್ದಿದ್ರೆ...” ಸಭೆಯಲ್ಲಿ ಸಣ್ಣ ನಗೆ.

“ಒಬ್ಬರು ತಿನ್ನೋದ್ರಲ್ಲಿ ಹರಾಮ್ ಇದೆ ಅಂತ ಗೊತ್ತಿದ್ದೂ ಸುಮ್ಮನಿದ್ರೆ ತಪ್ಪಲ್ವಾ?”

“ಮಹಾಪಾಪ!”

“ಪಕ್ಕಕ್ಕೆ ಕರೆದು ಹೇಳಬೇಕಾ? ಎಲ್ಲರ ಎದುರಿಗೆ ಹೇಳಬೇಕಾ? ಪಾಪ, ಮರ್ಯಾದೆ ಹೋಗುತ್ತಲ್ಲ.”

“ಎಂಥ ಮರ್ಯಾದೆ! ಎಲ್ಲರ ಎದುರಿಗೇ ಹೇಳಬೇಕು. ನಾಲ್ಕು ಜನಕ್ಕೆ ಬುದ್ಧಿ ಬರುತ್ತೆ. ನಾನು ಯಾವಾಗ್ಲೂ ಹಾಗೇ ಹೇಳೋದು.”

“ಅದಕ್ಕೇ ಕೇಳಿದೆ.” ಸೆರಗಿನಡಿಯಿಂದ ರಟ್ಟಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಮೇಲೆ ಭೂತಗನ್ನಡಿ. “ಇದರ ತಳದಲ್ಲಿ ಬರೆದಿದ್ದು ಓದ್ತೀರಾ? ನಂದು ಸಣ್ಣ ಗಂಟಲು, ನೀವು ಓದಿದ್ರೆ ಹಿಂದಿನವರಿಗೂ ಕೇಳಿಸುತ್ತೆ.”

ಗಟ್ಟಿಯಾಗಿ ಓದು ಎಂದರೆ ಭಾವ ತಮ್ಮ ಮರಣಪತ್ರವನ್ನಾದರೂ ಓದುವವರು. ಓದಿದರು. “ಸಕ್ಕರೆ! ಅಂಟು! ಪುದೀನ ಎಣ್ಣೆ! ಜೆಲಟಿನ್, ಹಂ—”

ದವಡೆ ನಿಂತಿತು. ಡಬ್ಬಿ ತಿರುಗಿಸಿ ಎಲೆಯ ಚಿತ್ರ ನೋಡಿದರು. ತಮ್ಮದೇ ಎಲೆ. ಸಭೆಯ ಅಷ್ಟೂ ಕಣ್ಣು ಅವರ ಎಡಕೆನ್ನೆಯ ಉಬ್ಬಿನ ಮೇಲೆ ನೆಟ್ಟವು. ಬಾಯಲ್ಲಿ ಬಿಸಿತುಪ್ಪ ಎಂಬ ಗಾದೆಯನ್ನು ಮಾಡಿದವನಿಗೆ ಗಮ್ಮಿನ ಪರಿಚಯವಿರಲಿಲ್ಲ. ತುಪ್ಪವಾದರೆ ಆರುತ್ತದೆ. ಇದನ್ನು ನುಂಗಿದರೆ ಹರಾಮು, ಉಗುಳಿದರೆ ಜಮಖಾನ, ಇಟ್ಟುಕೊಂಡರೆ ಜನ.

ಕೊನೆಗೆ ಅತ್ತೆಯ ವಾರಗಿತ್ತಿ, ಅಂದರೆ ಭಾವನ ಹೆಂಡತಿ, ಎದ್ದು ಬಂದು ಕರವಸ್ತ್ರ ಹಿಡಿದು ಅಂಗೈ ಚಾಚಿದಳು. “ಇಲ್ಲಿ ಉಗುಳ್ರೀ. ಬೇಗ.” ಭಾವ ಮಗುವಿನಂತೆ ಬಗ್ಗಿ ಉಗುಳಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದು ಮುಂದಿನ ಸಾಲಿಗೆ ಬರುವಷ್ಟರಲ್ಲಿ ಗಹಗಹಿಸುವ ನಗೆಯಾಗಿತ್ತು.

“ನನಗೆ... ಗೊತ್ತಿರ್ಲಿಲ್ಲ,” ಎಂದರು ಭಾವ. ಆ ದನಿಯನ್ನು ಯಾರೂ ಅದುವರೆಗೆ ಕೇಳಿರಲಿಲ್ಲ.

“ಗೊತ್ತಿಲ್ಲದವರಿಗೆ ಪಾಪ ಇಲ್ವಂತೆ ಭಾವ, ಹೆದರ್ಬೇಡಿ.”

ಇಲ್ಲಿಗೆ ಮುಗಿದಿದ್ದರೆ ಬರಣಿ ಅತ್ತೆ ಗೆದ್ದವಳೇ. ನಗುತ್ತಿದ್ದ ತಾಯಂದಿರ ಮುಖದಲ್ಲಿ ನಾಳೆಯ ಗಿರಾಕಿಗಳು ಆಗಲೇ ಕಾಣುತ್ತಿದ್ದರು. ಆದರೆ ವಾರಗಿತ್ತಿ ಕರವಸ್ತ್ರ ಮಡಿಸುತ್ತ ತಣ್ಣಗೆ ಕೇಳಿದಳು: “ನಿನ್ನ ಅಂಗಡಿಯದ್ದೇ ಅಲ್ವೇನೇ ಇದು? ನಿಂಗೆ ಯಾವಾಗ ಗೊತ್ತಾಯ್ತು?”

ಗಂಡ ಗಂಡಸರ ಸಾಲಿನಿಂದ ತುಟಿಯಲ್ಲೇ ಹೇಳಿಕೊಡುತ್ತಿದ್ದ: ‘ನಿನ್ನೆ. ನಿನ್ನೆ ಅನ್ನು.’ ನಿನ್ನೆ ಎಂದರೆ ಅಂಗಡಿ ಉಳಿಯುತ್ತಿತ್ತು. ಇಮಾಮರು ಕೂಡ ಸುಮ್ಮನೆ ಕೆಮ್ಮಿ ದಾಟಿಸಿಬಿಡುತ್ತಿದ್ದರೇನೋ. ಅತ್ತೆ ಭಾವನ ಕಡೆ ನೋಡಿದಳು. ಅವರು ಆಗಲೇ ಅಂಗೈಯಿಂದ ತುಟಿ ಒರೆಸಿಕೊಂಡು, ಇದೊಂದು ಸಣ್ಣ ಅಪಘಾತ ಎನ್ನುವಂತೆ ಕೋಟಿನ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು.

“ಚಳಿಗಾಲ ಶುರುವಾದಾಗಲೇ ಗೊತ್ತಾಯ್ತು ಅಕ್ಕ,” ಎಂದಳು, ಒಂದೊಂದೇ ಮಾತನ್ನು ಸವಿಯುತ್ತ. “ಇಡೀ ಚಳಿಗಾಲ ಇವರಿಗೊಬ್ಬರಿಗೇ ಅಂತ ತೆಗೆದಿಟ್ಟು ಕೊಟ್ಟೆ. ದಿನಾ ಎರಡು ಚೀಟಿ. ಶುಕ್ರವಾರ ಮೂರು.”

ಭಾವನ ಕೈ ಗುಂಡಿಯ ಮೇಲೇ ನಿಂತಿತು. ಅವರ ಮುಖದಲ್ಲಿ ಇಡೀ ಚಳಿಗಾಲ ಒಂದೊಂದು ಬೆಳಗಾಗಿ ಹಾದುಹೋಗುವುದನ್ನು ಅತ್ತೆ ಕಣ್ತುಂಬ ನೋಡಿದಳು. ಹೆಂಗಸರ ಸಾಲಿನಲ್ಲಿ ನಗು ಮಾತ್ರ ಉಳಿಯಲಿಲ್ಲ. ಹತ್ತಿರ ಕೂತವಳೊಬ್ಬಳು ಮಗುವನ್ನು ಮಡಿಲಿಗೆಳೆದುಕೊಂಡಳು.

ಅಂಗಡಿಯ ಎಡಭಾಗದಲ್ಲಿ ಈಗ ಗಿರಾಕಿಗಳಿಲ್ಲ, ಮತ್ತು ಈ ಬಾರಿ ಊರಿನದು ತಪ್ಪೆನ್ನುವಂತಿಲ್ಲ. ಬರಣಿಗಳನ್ನು ಒಂದೊಂದಾಗಿ ಖಾಲಿ ಮಾಡಿ ಅತ್ತೆ ಗಡಿಯಾರದ ಬಿಡಿಭಾಗ ತುಂಬುತ್ತಿದ್ದಾಳೆ. “ನಿನ್ನೆ ಅಂದಿದ್ರೆ ಏನು ಗಂಟು ಹೋಗ್ತಿತ್ತೇ ನಿಂದು?” ಎಂದು ಗಂಡ ಈಗಲೂ ಗೊಣಗುತ್ತಾನೆ.

“ನಂದೇನೂ ಹೋಗ್ತಿರ್ಲಿಲ್ಲ. ನಿಮ್ಮಣ್ಣನಿಗೆ ಆ ಚಳಿಗಾಲ ಸಿಗ್ತಿರ್ಲಿಲ್ಲ.”

ಭಾವ ಭಾಷಣ ಬಿಟ್ಟಿದ್ದಾರೆ. ಗಮ್ಮೂ ಬಿಟ್ಟಿದ್ದಾರೆ. ಖಾಲಿ ಬಾಯಲ್ಲಿ ದವಡೆ ಆಡಿಸುತ್ತ ಮನೆಯ ಜಗಲಿಯಲ್ಲಿ ಕೂರುತ್ತಾರೆ. ಇಮಾಮರು ಅತ್ತೆಯನ್ನು ಕರೆಸಿ, ಗೊತ್ತಿದ್ದೂ ಕೊಟ್ಟದ್ದಕ್ಕೆ ಕ್ಷಮೆ ಬೇಡಿಕೋ ಎಂದರು, ಬೇಡಿಕೊಂಡಳು. ಆದರೆ ಕ್ಷಮೆ ಸಿಗಬೇಕಾದರೆ ಮನಸ್ಸಿನಲ್ಲಿ ಪಶ್ಚಾತ್ತಾಪ ಇರಬೇಕಮ್ಮ ಎಂದೂ ಅವರು ಹೇಳಿದ್ದಾರೆ. ಅತ್ತೆ ದಿನಾ ನಮಾಜಾದ ಮೇಲೆ ಸ್ವಲ್ಪ ಹೊತ್ತು ಕಣ್ಣುಮುಚ್ಚಿ ಕೂತು, ಅದು ಬಂತೇ ಎಂದು ನೋಡುತ್ತಾಳೆ. ಇನ್ನೂ ಬಂದಿಲ್ಲ.