ಮುಟ್ಟದ ಡಿಫೆನ್ಸ್

ನೌಬಾದದ ಮೈದಾನ ಎಲ್ಲರದೂ ಎಂದರು ಆಟದ ಕಮಿಟಿಯವರು. ನೀರಿನ ಕೊಡವೂ ಒಂದೇ ಎಂದರು. ಆದರೆ ನಮ್ಮ ಕೇರಿಯವರಿಗೆ ಬೇರೆ ಕೊಡ ಇಟ್ಟರು. ಇವತ್ತು ಐದೈದು ಮಂದಿಯ ಫುಟ್‌ಬಾಲ್ ನೋಡುತ್ತ ನಿಂತಿದ್ದೆ. ನಮ್ಮ ಕೇರಿಯ ಹುಡುಗನ ಕಾಲಿಗೆ ಚೆಂಡು ಬಂದದ್ದೇ ತಡ, ಎದುರಿನವರೆಲ್ಲ ಹಿಂದೆ ಸರಿದರು.

ನಾನು ಹುಡುಗನಾಗಿದ್ದಾಗ ಭಾಲ್ಕಿಯಲ್ಲಿ ನಮಗೆ ಈ ಆಟ ಕಲಿಸಿದವಳು ಅವ್ವನ ತಂಗಿ, ನರ್ಸ್ ಆಗಿದ್ದ ಚಿಗವ್ವ. ಡ್ಯೂಟಿ ಮುಗಿಸಿ ಬಂದವಳೇ ಸೆರಗು ಸಿಕ್ಕಿಸಿ ಕೂಗುತ್ತಿದ್ದಳು: "ಒಬ್ಬ ಹಿಂದ, ಇಬ್ಬರು ಬಾಜೂಕ, ಒಬ್ಬ ಮುಂದ ನಿಂದರ್ರಿ. ಚೆಂಡು ಇದ್ದವನ ಮೈಗಿ ಹತ್ತಿ ನಿಂದರ್ರಿ, ಉಸುರು ಬಿಡಾಕ ಕೊಡಬ್ಯಾಡ್ರಿ!"

ಮೇಲಿನ ಓಣಿಯ ಹುಡುಗರು ಮಾತ್ರ ನಮ್ಮ ಹತ್ತಿರ ಬರದೆ ಗೋಲಿನ ಮುಂದೆ ಗೋಡೆಯಂತೆ ನಿಲ್ಲುತ್ತಿದ್ದರು. ಅದು ಡಿಫೆನ್ಸಿನ ಹೊಸ ಪಟ್ಟು ಎಂದುಕೊಂಡಿದ್ದೆ.

"ಚಿಗವ್ವ, ನಾವೂ ಅವರಂಗ ದೂರ ನಿಂತು ಆಡೋಣೇನು?"

ಅವಳು ಆಟ ನಿಲ್ಲಿಸಿ ನನ್ನ ಹತ್ತಿರ ಬಂದಳು. "ಹುಚ್ಚಪ್ಯಾ, ಅದು ಆಟ ಅಲ್ಲೋ. ನಿನಗ ಮುಟ್ಟಿದ್ರ ಮನ್ಯಾಗ ಬೈತಾರಂತ ದೂರ ನಿಂತಾರ."

ಅಲ್ಲಿಯವರೆಗೆ ಹೊಡೆದ ಗೋಲುಗಳಲ್ಲಿ ಒಂದೂ ನನ್ನದಲ್ಲ ಅನ್ನಿಸಿತು.

ಇವತ್ತು ಆ ಹುಡುಗ ಗೋಲು ಹೊಡೆದು ಓಡಿ ಬಂದ. "ಕಾಕಾ, ನನಗ ತಡಿಯೋರೇ ಇಲ್ಲ ನೋಡ್ರಿ!"

ನಾನು ಅವನ ಬೆನ್ನು ತಟ್ಟಿದೆ. ಅವನನ್ನು ಯಾಕೆ ಯಾರೂ ತಡೆಯುವುದಿಲ್ಲ ಎಂಬುದಕ್ಕೆ ಉತ್ತರ ಹೇಳಬೇಕಾದದ್ದು ಕಮಿಟಿ. ಭಾನುವಾರ ಸಂಜೆ ನಾಲ್ಕಕ್ಕೆ ಅದೇ ಮೈದಾನದಲ್ಲಿ ಕಮಿಟಿಯ ಸಭೆ; ಎರಡು ಕೊಡಗಳ ಮಾತನ್ನೂ ಅಲ್ಲೇ ಕೇಳುತ್ತೇನೆ.