ಕಿಟಕಿ ಇಲ್ಲದ ಗೋಡೆ

ನಾನು ಮದುವೆಯಾಗಿ ಗಂಗಾವತಿಗೆ ಬಂದ ಹೊಸತು. ಓಣಿಯ ಹಳೆಯ ಚರ್ಚು ಕೆಡವಿ, ಆ ಜಾಗದಲ್ಲಿ ಚರ್ಚಿನವರೇ ಮೂರಂತಸ್ತಿನ ಬಾಡಿಗೆ ಮನೆ ಕಟ್ಟುತ್ತಾರೆಂಬ ಸುದ್ದಿ ಹಬ್ಬಿತು. ಓಣಿಯವರದೆಲ್ಲ ಮಣ್ಣಿನ ಮಾಳಿಗೆ ಮನೆ. ಹಪ್ಪಳ ಒಣಗಿಸುವುದು, ತಲೆ ಬಾಚುವುದು, ಅತ್ತೆಯರನ್ನು ಬೈಯುವುದು ಎಲ್ಲ ಮಾಳಿಗೆಯ ಮೇಲೆಯೇ.

"ಮ್ಯಾಲಿಂದ ನಮ್ಮ ಬೆಳಕಿಂಡ್ಯಾಗ ಇಣುಕಿದ್ರ? ಒಲಿ ಮ್ಯಾಲೆ ಏನೈತಿ ಅನ್ನೂದೂ ಕಾಣತೈತ್ರಿ!" ಎಂದು ಮಾವನವರು ಪಾದ್ರಿಯೊಡನೆ ಜಗಳಕ್ಕೆ ನಿಂತರು. ಓಣಿಯೆಲ್ಲ ದನಿಗೂಡಿಸಿತು. ಪಾದ್ರಿ ಒಪ್ಪಿ, ನಮ್ಮ ಮಾಳಿಗೆಗೆ ಅಂಟಿಕೊಂಡ ಗೋಡೆಯಲ್ಲಿ ಒಂದೂ ಕಿಟಕಿ ಇಡಿಸಲಿಲ್ಲ.

ಬಾಡಿಗೆಯವರು ಬಂದು ವಾರವಾಗಿರಲಿಲ್ಲ, ಮಾವನವರೇ ಆ ಬೋಳು ಗೋಡೆಯನ್ನು ದಿಟ್ಟಿಸಿ, "ಕಿಡಕಿ ಇಲ್ಲದ ಮನ್ಯಾಗ ಏನ್ ಮಾಡ್ತಾರೋ ಇವ್ರು?" ಅಂದರು.

ಅವರು ಇಣುಕಿಯಾರೆಂದು ಹೆದರಿದ್ದ ನಾವೇ, ಮಾಳಿಗೆ ಹತ್ತಿ ಸರದಿಯಂತೆ ಆ ಗೋಡೆಗೆ ಕಿವಿ ಹಚ್ಚಿದೆವು.