ಗಾಯವಿಲ್ಲದ ಕೊರಮೀನು

ಮಾವ ತಂದ ಕೊರಮೀನಿನ ಬಾಯಲ್ಲಿ ಗಾಯವಿರಲಿಲ್ಲ. ಬಚ್ಚಲ ಪಕ್ಕದ ಕಲ್ಲಿನ ಮೇಲೆ ಬೂದಿ ಹಚ್ಚಿ ತಿಕ್ಕುವಾಗ ಅದನ್ನು ಮೊದಲ ಸಲ ಗಮನಿಸಿದೆ. ನನ್ನ ತವರು ಸಿ. ಬೆಳಗಲ್ ಕಡೆ, ಹೊಳೆ ಹತ್ತಿರ. ಮೀನು ಹಸನು ಮಾಡುವುದು ಚಿಕ್ಕಂದಿನಿಂದ ರೂಢಿ. ಗಾಳಕ್ಕೆ ಬಿದ್ದ ಮೀನಿನ ತುಟಿಯಲ್ಲೋ ದವಡೆಯಲ್ಲೋ ಒಂದು ತೂತು ಇದ್ದೇ ಇರುತ್ತದೆ. ಇದರ ಬಾಯಿ ನಯವಾಗಿತ್ತು.

ಮದುವೆಯಾಗಿ ಚಿಪ್ಪಗಿರಿ ಹತ್ತಿರದ ಈ ಊರಿಗೆ ಬಂದು ಆಗ ಮೂರು ವರ್ಷ. ಮನೆಯಲ್ಲಿ ನಾವು ಮೂವರೇ ಇರುವವರು. ಗಂಡ ಆಟೋ ಓಡಿಸುತ್ತಾನೆ, ಮಾವ ಕುರಿ ಕಾಯುತ್ತಾರೆ. ಮಳೆ ನಿಂತ ಮೇಲೆ ಊರ ಪಕ್ಕದ ಹಳ್ಳ ಹರಿಯುವುದನ್ನು ಬಿಟ್ಟು ಅಲ್ಲಲ್ಲಿ ಮಡುಗಟ್ಟುತ್ತದೆ. ಮಧ್ಯಾಹ್ನ ಕುರಿಗಳು ಜಾಲಿಯ ನೆರಳಿಗೆ ಮಲಗಿದಾಗ ಮಾವ ಆ ಮಡುವಿಗೆ ಗಾಳ ಹಾಕುತ್ತಾರೆಂದು ನಾವು ತಿಳಿದಿದ್ದೆವು. ಬೆಳಿಗ್ಗೆ ಎರೆಹುಳ ಅಗೆದು ಡಬ್ಬಿಗೆ ತುಂಬಿಕೊಡುತ್ತಿದ್ದವಳು ನಾನೇ.

ಆ ಸಂಜೆ ಡಬ್ಬಿ ತೆರೆದು ನೋಡಿದೆ. ಹುಳಗಳು ಹಾಗೆಯೇ ಇದ್ದವು.

"ಮಾವ, ಹುಳ ಹಂಗಽ ಅದಾವಲ್ರಿ?"

"ಕಪ್ಪಿಮರಿ ಹಾಕಿದ್ನೆವ್ವ. ಕೊರಮೀನಿಗೆ ಅದಽ ಚಲೋ."

ಮಾತು ಸುಳ್ಳಲ್ಲ. ಆದರೆ ಕಪ್ಪೆಮರಿಯನ್ನು ಸಿಕ್ಕಿಸುವುದೂ ಗಾಳಕ್ಕೇ ತಾನೆ. ಮರುದಿನ ಎಣಿಸಿ ಹದಿನೈದು ಹುಳ ಹಾಕಿದೆ. ಹದಿನೈದೂ ಮರಳಿ ಬಂದವು. ಮೀನೂ ಬಂತು, ಗಾಯವಿಲ್ಲದೆ. ಕೋಲಿನ ದಾರ ಒಣಗಿತ್ತು. ಮಾವನ ಧೋತರ ಮಾತ್ರ ಸೊಂಟದ ತನಕ ಒದ್ದೆ.

ಅದೇ ವಾರ ಪಕ್ಕದೂರಿನ ಕೆರೆಯ ಕಾವಲುಗಾರ ಬೈಕಿನಲ್ಲಿ ಬಂದ. ಆ ಕೆರೆಯಲ್ಲಿ ಯಾರೋ ಗುತ್ತಿಗೆ ಹಿಡಿದು ಮೀನು ಸಾಕಿದ್ದಾರೆ. ಅಂಗಡಿ ಮುಂದೆ ನಿಂತು ಅವನು ತೆಲುಗು, ಕನ್ನಡ ಎರಡನ್ನೂ ಬೆರೆಸಿ, "ಮಾ ಚೆರುವುಲೋ ದೊಂಗಲು ಪಡ್ಡಾರು. ಕೆರಿ ಮೀನು ಯಾರೋ ಕದಿಯಾಕ ಹತ್ಯಾರ. ಸಿಕ್ರ ಬಿಡಂಗಿಲ್ಲ" ಎಂದ. ಉಪ್ಪಿಗೆಂದು ಹೋದವಳು ಉಪ್ಪನ್ನು ಮರೆತು ಮನೆಗೆ ಬಂದೆ.

ಅಂದಿನಿಂದ ಮೀನಿನ ಸಾರನ್ನು ನಾನು ಬಡಿಸಿಕೊಳ್ಳಲಿಲ್ಲ. ಈ ವಯಸ್ಸಿನಲ್ಲಿ ಮಾವನಿಗೆ ಯಾರ ಸಹವಾಸ? ಆ ಧೋತರ ಒದ್ದೆಯಾದದ್ದು ಯಾವ ನೀರಿನಲ್ಲಿ? ಕುರಿಗಳನ್ನು ಬಿಟ್ಟು ಅಷ್ಟು ದೂರ ನಡೆದು ಹೋಗುತ್ತಾರೆಯೇ? ಗಂಡನಿಗೆ ಹೇಳಲು ಬಾಯಿ ಬರಲಿಲ್ಲ. ಎರಡು ದಿನ ಬಿಟ್ಟು, ಕುಳ್ಳು ಆರಿಸುವ ನೆವದಲ್ಲಿ ಪುಟ್ಟಿ ಹಿಡಿದು ಹಳ್ಳಕ್ಕೆ ಹೋದೆ.

ಗಾಳದ ಕೋಲು ಜಾಲಿಮರಕ್ಕೆ ಒರಗಿತ್ತು, ಸುತ್ತಿದ ದಾರ ಬಿಚ್ಚಿರಲಿಲ್ಲ. ಮಾವ ಸೊಂಟಮಟ್ಟ ನೀರಿನಲ್ಲಿ ನಿಂತು, ಕೆನ್ನೆ ನೀರಿಗೆ ತಾಗುವಂತೆ ಬಾಗಿ, ಎರಡೂ ಕೈಗಳನ್ನು ದಂಡೆಯ ಕೆಳಗಿನ ಪೊಟರೆಗೆ ತೂರಿಸಿದ್ದರು. ಕಣ್ಣು ಮುಚ್ಚಿತ್ತು. ಬಹಳ ಹೊತ್ತು ಅಲುಗಾಡಲಿಲ್ಲ. ಆಮೇಲೆ ಒಮ್ಮೆಲೇ ಮೀನನ್ನು ಎದೆಗೆ ಅವಚಿಕೊಂಡು ಮೇಲೆ ಬಂದರು. ದಂಡೆಯಲ್ಲಿ ಬಿಚ್ಚಿಟ್ಟ ರುಮಾಲಿಗಾಗಿ ತಡಕಾಡಿದರು. ಅದು ಅವರ ಮುಂದೆಯೇ ಇತ್ತು. ಕೈ ಗೇಣು ದೂರದ ಬರಿಯ ಮಣ್ಣನ್ನೇ ಮುಟ್ಟುತ್ತಿತ್ತು. ಬಳಿಕ ತಲೆ ಎತ್ತಿ ನೇರವಾಗಿ ನನ್ನ ಕಡೆ ನೋಡಿದರು. ಹತ್ತು ಹೆಜ್ಜೆ ಆಚೆ, ಬಿಸಿಲಿನಲ್ಲಿ ನಿಂತಿದ್ದೆ. ಅವರ ಮುಖ ಬದಲಾಗಲಿಲ್ಲ. ನನ್ನ ಕಾಲಡಿಯ ಕಲ್ಲು ಜಾರಿದಾಗಲೇ, "ಯಾರದು?" ಎಂದರು.

"ನಾನ್ರಿ ಮಾವ."

"ಎಷ್ಟೊತ್ತಾತು ಬಂದು?"

"ಕೆಂಪು ಸೀರಿ ಉಟ್ಟೀನ್ರಿ. ಆಗಿಂದ ಎದುರಿಗೇ ನಿಂತೀನಿ."

ಅವರು ದಂಡೆಯ ಮೇಲೆ ಕೂತರು. "ನೀರ ಮ್ಯಾಲ ತೇಲೋ ಬೆಂಡು ಕಾಣಂಗಿಲ್ಲವ್ವ. ಹುಳ ಪೋಣಿಸಾಕ ಹೋದ್ರ ಗಾಳ ಬೆರಳಿಗೆ ಚುಚ್ಚತೈತಿ. ಕೈಲೆ ಹುಡುಕಿದ್ರ ಸಿಗತಾವು."

"ಮತ್ತ ಕೋಲು ಯಾಕ ತರ್ತೀರಿ?"

"ಕಣ್ಣು ಮಸುಕಾಗ್ಯಾವಂತ ತಿಳಿದ್ರ ನಿನ್ನ ಗಂಡ ಕುರಿ ಮಾರಿ ನನ್ನ ಕಟ್ಟಿ ಮ್ಯಾಲ ಕುಂದ್ರಸ್ತಾನ. ಗಾಳದ ಮೀನು ಅಂದ್ರ ಯಾರಿಗೂ ಅನುಮಾನ ಬರಂಗಿಲ್ಲ."

ನನಗೆ ನಾಚಿಕೆಯಾಯಿತು. "ನಾ ನಿಮ್ಮನ್ನ ಕೆರಿ ಕಳ್ಳ ಅನ್ಕೊಂಡಿದ್ನಿರಿ" ಎಂದುಬಿಟ್ಟೆ.

ಅವರು ನಕ್ಕರು. "ಕಳ್ಳನಿಗೂ ಕಣ್ಣು ಬೇಕಲ್ಲವ್ವ."

ಆದೋನಿಯ ಕಣ್ಣಿನ ಡಾಕ್ಟರ ಬಳಿ ಬರುವುದಾದರೆ ಮಾತ್ರ ಬಾಯಿ ಬಿಡುವುದಿಲ್ಲ ಎಂದೆ. ಒಪ್ಪಿದರು. ನನಗೆ ಹಲ್ಲುನೋವು ಎಂದು ಮನೆಯಲ್ಲಿ ಹೇಳಿ ಇಬ್ಬರೂ ಬಸ್ಸು ಹತ್ತಿದೆವು. ಈಗ ಅನುಮಾನದ ಸರದಿ ಗಂಡನದು.

"ಹಲ್ಲುನೋವಿಗೆ ಅಪ್ಪ ಯಾಕ ಬೇಕು? ಮನ್ಯಾಗ ಆಟೋ ಐತಿ, ಬಸ್ ಯಾಕ?"

ಒಂದು ವಾರ ನಮ್ಮಿಬ್ಬರನ್ನೂ ಓರೆಗಣ್ಣಿನಲ್ಲೇ ನೋಡಿದ. ಮಾವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲ ಆಪರೇಷನ್ ಮುಗಿಸಿ ಮಾವ ಕಪ್ಪು ಕನ್ನಡಕ ಹಾಕಿಕೊಂಡು ಬಂದ ದಿನ ಎಲ್ಲವೂ ಬಯಲಾಯಿತು. ಗಂಡ ಎರಡು ದಿನ ನನ್ನ ಮೇಲೆ ಸಿಡುಕಿದ. ಮೂರನೆಯ ದಿನದಿಂದ ಆಟೋ ನಿಲ್ಲಿಸಿ ತಾನೇ ಕುರಿ ಹೊಡೆದುಕೊಂಡು ಹೋದ. ಮಾರುವ ಮಾತನ್ನು ಎತ್ತಲಿಲ್ಲ. ಕೆರೆಯ ಕಳ್ಳ ಯಾರೆಂದು ಮಾತ್ರ ಊರಿಗೆ ಇನ್ನೂ ತಿಳಿದಿಲ್ಲ.

ಎರಡನೆಯ ಕಣ್ಣಿನ ಆಪರೇಷನ್ನೂ ಮುಗಿದು ಈಗ ಮಾವ ಮತ್ತೆ ಕುರಿ ಕಾಯುತ್ತಾರೆ, ಮೀನು ಗಾಳದಲ್ಲೇ ಹಿಡಿಯುತ್ತಾರೆ. ಮೀನು ಮೊದಲಿನಷ್ಟು ಸಿಗುವುದಿಲ್ಲ. ಮೊನ್ನೆ ಬುತ್ತಿ ಕೊಡಲು ಹೋದಾಗ ನನ್ನ ಮುಖವನ್ನೇ ನೋಡಿ, "ಹಣಿ ಮ್ಯಾಲ ಈ ಕಲಿ ಯಾವಾಗಾತವ್ವ?" ಎಂದರು.

"ಸಣ್ಣಾಕಿದ್ದಾಗ ಬಿದ್ದಿದ್ನಿರಿ. ಮದುವಿಗಿಂತ ಮೊದ್ಲ ಐತಿ."

"ಹೌದಾ?" ಎಂದು ನೀರಿನ ಕಡೆ ತಿರುಗಿದರು.

ಹೆಣ್ಣು ನೋಡಲು ಬಂದ ದಿನ ನಮ್ಮ ಪಡಸಾಲೆಯಲ್ಲಿ ಎದುರಿಗೆ ಕೂತು, ನನ್ನನ್ನು ಬಹಳ ಹೊತ್ತು ದಿಟ್ಟಿಸಿ, "ಹುಡುಗಿ ಲಕ್ಷಣ ಅದಾಳ" ಎಂದು ಎಲ್ಲರ ಮುಂದೆ ಹೇಳಿದವರು ಇವರೇ. ಅಂದು ನಿಜಕ್ಕೂ ಏನು ಕಂಡರೋ, ನಾನಿನ್ನೂ ಕೇಳಿಲ್ಲ.